ದೇಶವಿಲ್ಲದ ಮೀನು

ಎರ್ರಿಯಪ್ಪ ಕಳೆದ ಸೋಮವಾರ ಬೆಳಿಗ್ಗೆ ಹೊಸಪೇಟೆಯ ಆಸ್ಪತ್ರೆಯಲ್ಲಿ ತೀರಿಕೊಂಡ. ಹೃದಯದ ಕಾಯಿಲೆ. ಅರವತ್ತೊಂದು ವಯಸ್ಸು. ಮೂವತ್ತು ವರ್ಷದ ಗೆಳೆತನ ನಮ್ಮದು. ಅವನ ಕೊನೆಯ ತಿಂಗಳು ಹೆದರಿಕೆಯಲ್ಲೇ ಕಳೆಯಿತು, ಆ ಹೆದರಿಕೆ ಹುಟ್ಟಿಸಿದವನು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ಹಂಪಿಯಲ್ಲಿ ಅವನದೊಂದು ಸಣ್ಣ ಅಂಗಡಿ. ಗೆಸ್ಟ್ ಹೌಸಿನ ವಿದೇಶಿಯರಿಗೆ ಚೀಸು, ಡಬ್ಬಿ ಮೀನು. ಊರವರಿಗೆ ಬಾಳೆಹಣ್ಣು, ಮೊಟ್ಟೆ. ಎಲ್ಲರಿಗೂ ನನ್ನ ಹೆಂಡತಿ ಗಂಗಾಂಬಿಕಾ ಮಾಡಿದ ಶೇಂಗಾ ಚಟ್ನಿಪುಡಿ. ನಿವೃತ್ತ ಮೇಷ್ಟ್ರಾದ ನಾನು ದಿನಾ ಕಮಲಾಪುರದಿಂದ ಹೋಗಿ, ಅವನ ಸ್ಟೂಲಿನ ಮೇಲೆ ಕುಳಿತು, ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದೆ. (ಮನೆಯಲ್ಲಿ ಓದಿದರೆ ಕೇಳುವವರಿಲ್ಲ.) ಒಂದು ದಿನ ಓದಿದೆ: ಹೊರದೇಶದಿಂದ ಬಂದ ಆಹಾರದ ಮೇಲೆ ಅದು ಯಾವ ದೇಶದ್ದೆಂದು ಬರೆದಿರಲೇಬೇಕು, ಇಲ್ಲದಿದ್ದರೆ ಮಾರುವಂತಿಲ್ಲ, ಶುಕ್ರವಾರ ಹಂಪಿಯ ಅಂಗಡಿಗಳ ತಪಾಸಣೆ.

ಎರ್ರಿಯಪ್ಪನ ಮುಖ ಬಿಳಿಚಿತು. ಗೋವಾದ ವ್ಯಾಪಾರಿಯೊಬ್ಬ ಕೊಟ್ಟುಹೋಗಿದ್ದ ಇಪ್ಪತ್ತು ಡಬ್ಬಿಗಳ ಮೇಲೆ ಮೀನಿನ ಚಿತ್ರ ಬಿಟ್ಟರೆ ಏನೂ ಇರಲಿಲ್ಲ.

"ಮೇಷ್ಟ್ರೇ, ಈ ಮೀನು ಯಾವ ದೇಶದ್ದಿರಬೇಕ್ರಿ?"

"ಮೀನನ್ನ ಕೇಳಪ್ಪ."

"ಅದು ಬಾಯಿ ಬಿಡ್ತಿದ್ರ ನಿಮ್ಮನ್ಯಾಕ ಕೇಳ್ತಿದ್ದೆ?"

ನಾನು ನಕ್ಕೆ. ಅವನು ನಗಲಿಲ್ಲ. ಅವತ್ತಿನಿಂದ ಯಾವ ಜೀಪಿನ ಸದ್ದಾದರೂ ಅವನು ಹೋಗಿ ಮೀನಿನ ಡಬ್ಬಿಗಳಿಗೆ ಅಡ್ಡ ನಿಲ್ಲುತ್ತಿದ್ದ. ಹೆದರಿಕೆಗೆ ಮದ್ದೆಂದು ಅಂಗಡಿಯ ಸಮಸ್ತ ಚರಾಚರ ವಸ್ತುಗಳಿಗೂ ಚೀಟಿ ಅಂಟಿಸತೊಡಗಿದ. ನನ್ನ ಅಕ್ಷರ ದುಂಡಗಿರುವುದರಿಂದ ಬರೆಯುವ ಕೆಲಸ ನನ್ನದು. ಬಾಳೆಗೊನೆಗೊಂದು, ಮೊಟ್ಟೆಗೊಂದು 'ದೇಶ: ಭಾರತ'. ಅದರ ಕೆಳಗೆ, ದೊಡ್ಡ ಕಂಪನಿಗಳ ಹಾಗೆ, 'ದೂರು ಇದ್ದರೆ' ಎಂಬ ಸಾಲು.

"ಅಲ್ಲಿ ನಿಮ್ಮ ಹೆಸರು ಹಾಕ್ರಿ ಮೇಷ್ಟ್ರೇ. ಓದಿದವರ ಹೆಸರಿದ್ರ ಅಧಿಕಾರಿಗಳೂ ಸ್ವಲ್ಪ ಹೆದರ್ತಾರ."

ನನ್ನ ಪಿಂಚಣಿ ಕಣ್ಣೆದುರು ಬಂದು ನಿಂತಿತು. "ಅಂಗಡಿ ನಿಂದು. ಕಾನೂನು ಹಂಗ ಐತಿ" ಎಂದು (ಯಾವ ಕಾನೂನೋ!) ಎಲ್ಲದರ ಮೇಲೂ ಅವನ ಹೆಸರು ಬರೆದೆ. ಚಟ್ನಿಪುಡಿಯ ಮೇಲೆ ಗಂಗಾಂಬಿಕಾಳದು.

ಉಳಿದದ್ದು ಮೀನು. ಸುಳ್ಳು ದೇಶ ಬರೆಯಲು ಇಬ್ಬರಿಗೂ ಧೈರ್ಯವಿಲ್ಲ. ಎಸೆದರೆ ಯಾರಾದರೂ ನೋಡಿಯಾರು. ಗುರುವಾರ ನನ್ನ ಹೆಂಡತಿ ಸಂಡೂರಿಗೆ ಹೋಗಿದ್ದಾಗ ಡಬ್ಬಿಗಳನ್ನು ಚೀಲದಲ್ಲಿ ತಂದು ನಮ್ಮ ಮನೆಯ ಪುಸ್ತಕದ ಟ್ರಂಕಿನಲ್ಲಿ ಅಡಗಿಸಿದೆವು. ನಮ್ಮದು ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆ. ಅಧಿಕಾರಿಯ ಹೆದರಿಕೆ ಅವನಿಗೆ, ಹೆಂಡತಿಯ ಹೆದರಿಕೆ ನನಗೆ. ಯಾರದು ದೊಡ್ಡದೆಂದು ಹೇಳಲಾರೆ.

ಶುಕ್ರವಾರ ಬೆಳಿಗ್ಗೆ ಹಳೇ ಪೇಪರು ಹುಡುಕುತ್ತ ಅವಳು ಟ್ರಂಕು ತೆಗೆದಳು.

"ಏನ್ರೀ ಇವು?"

"ಅವು... ದೇಶ ಇಲ್ಲದವು."

"ದೇಶ ಇಲ್ಲಂತ ನನ್ನ ಮನಿಗೆ ಬಂದ್ವೇನು? ದೇವರ ಕೋಣಿ ಮಗ್ಗುಲಾಗ ಇಪ್ಪತ್ತು ಡಬ್ಬಿ ಮೀನು! ಅತ್ತ ಚಟ್ನಿಪುಡಿ ಮ್ಯಾಲ ನನ್ನ ಹೆಸರು. ಜೈಲಿಗೆ ನಾನು, ಪಿಂಚಣಿಗೆ ನೀವು?"

ಚೀಲ ಎತ್ತಿಕೊಂಡು ಆಟೋ ಹತ್ತಿದಳು. ನಾನೂ ಡ್ರೈವರನ ಪಕ್ಕ ಮುದುಡಿ ಕುಳಿತೆ. ಅಂಗಡಿಯಲ್ಲಿ ಅಧಿಕಾರಿ ಪಲ್ಲವಿ ಆಗಲೇ ಬಂದಿದ್ದರು. ಗಂಗಾಂಬಿಕಾ ಚೀಲವನ್ನು ಅವರ ಮುಂದಿಟ್ಟಳು.

"ಮೇಡಂ, ಇವನ್ನ ನಮ್ಮನ್ಯಾಗ ಮುಚ್ಚಿಟ್ಟಿದ್ರು. ತೊಗೊಂಡು ಹೋಗ್ರಿ."

ಪಲ್ಲವಿ ಡಬ್ಬಿಗಳನ್ನು ವಶಕ್ಕೆ ಪಡೆದರು. ಮೊಟ್ಟೆಯೊಂದನ್ನು ತಿರುಗಿಸಿ ನೋಡಿ, "ಇದಕ್ಕೆಲ್ಲ ಚೀಟಿ ಬೇಕಾಗಿಲ್ಲ. ಬರೆದವರು ಯಾರು?" ಎಂದರು.

ನಾನು ಪೇಪರು ಬಿಡಿಸಿ ಮುಖ ಮುಚ್ಚಿಕೊಂಡೆ. (ತಲೆಕೆಳಗಾಗಿ ಹಿಡಿದಿದ್ದೆನೆಂದು ಆಮೇಲೆ ಗೊತ್ತಾಯಿತು.)

"ನಾನೇರಿ," ಎಂದ ಎರ್ರಿಯಪ್ಪ. "ಮೀನು ಮುಚ್ಚಿಟ್ಟದ್ದೂ ನಾನೇ. ಮೇಷ್ಟ್ರಿಗೆ ಏನೂ ಗೊತ್ತಿಲ್ಲ."

ಪಲ್ಲವಿ ಹಾಗೆಂದೇ ಬರೆದುಕೊಡಲು ಹೇಳಿದರು. ಅವನ ಕಾಗೆಕಾಲಿನಂಥ ಅಕ್ಷರ ನೋಡಿದರು, ಮೊಟ್ಟೆಯ ಮೇಲಿನ ದುಂಡಕ್ಷರ ನೋಡಿದರು, ನನ್ನ ಪೇಪರನ್ನೂ ನೋಡಿದರು. ಎರ್ರಿಯಪ್ಪನ ಹೆಸರಿಗೇ ನೋಟಿಸು ಕೊಟ್ಟು ಹೋದರು.

ಅದಾದ ಮೂರನೇ ವಾರಕ್ಕೆ ಅವನಿಗೆ ಎದೆನೋವು ಬಂತು. ಡಾಕ್ಟರು ಹಳೇ ಕಾಯಿಲೆ ಎಂದರು. ನಾನು ಮತ್ತೆ ಕೇಳಲಿಲ್ಲ. ಬೇರೆ ಉತ್ತರ ಬಂದೀತೆಂಬ ಹೆದರಿಕೆ.

ಅವನು ಹೋಗುವ ಮುನ್ನಾದಿನ, ಭಾನುವಾರ ಸಂಜೆ, ಗಂಗಾಂಬಿಕಾ ಆಸ್ಪತ್ರೆಗೆ ಅವನಿಗೆಂದು ಮೊಸರನ್ನ, ಒಂದು ಡಬ್ಬಿ ಚಟ್ನಿಪುಡಿ ತಂದಿದ್ದಳು. ಅವನು ಡಬ್ಬಿಯನ್ನು ಕೈಗೆತ್ತಿಕೊಂಡು ಸುತ್ತಲೂ ತಿರುಗಿಸಿ ನೋಡಿದ.

"ಅಕ್ಕಾರ, ಚೀಟಿ ಇಲ್ಲಲ್ರೀ."

ನನ್ನ ಜೇಬಿನಿಂದ ಪೆನ್ನು ಎಳೆದುಕೊಂಡು, ಔಷಧಿ ಚೀಟಿಯ ತುದಿ ಹರಿದು, ಬಹಳ ಹೊತ್ತು ಬರೆದ. ನರ್ಸಿನ ಹತ್ತಿರ ಟೇಪು ಕೇಳಿ ಡಬ್ಬಿಗೆ ಅಂಟಿಸಿದ. ಗಂಗಾಂಬಿಕಾ ಓದಿ, ಮೀನಿನ ದಿನದಿಂದ ಮೊದಲ ಸಲ ನಕ್ಕಳು. ನನಗೂ ತೋರಿಸಿದಳು.

'ದೇಶ: ಭಾರತ. ದೂರು ಇದ್ದರೆ: ಕೊಟ್ರಯ್ಯ ಮೇಷ್ಟ್ರು, ಕಮಲಾಪುರ.'

ಅವನು ಪೆನ್ನಿಗೆ ಮುಚ್ಚಳ ಹಾಕಿ ನನ್ನ ಜೇಬಿಗೆ ಸಿಕ್ಕಿಸಿದ. ಆಮೇಲೆ ಡಬ್ಬಿಯನ್ನು ವಾಪಸು ತೆಗೆದುಕೊಂಡು, ನನ್ನ ಹೆಸರು ಕಿತ್ತು ಬಾರದ ಹಾಗೆ ಟೇಪಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿದ.