ಒಂದೇ ಹ್ಯಾಂಡಲ್‌ಗೆ ಏಳುವ ಎಮ್ಮಿ

ಅರ್ಜುನನಿಗೆ ಗಾಂಡೀವ, ಭೀಮನಿಗೆ ಗದೆ, ಡೆಟ್ರಾಯಿಟ್ ಬಳಿಯ ವಿಕ್ಸಮ್ ಊರಿನ ಕಲ್ಲಿನಾಥರಿಗೆ ಒಂದು ಕಬ್ಬಿಣದ ಹ್ಯಾಂಡಲ್! ಹಳೆಯ ಮೋಟಾರುಗಳ ಮೂತಿಗೆ ಸಿಕ್ಕಿಸಿ ತಿರುವುತ್ತಾರಲ್ಲ, ಅದೇ. ಡೆಟ್ರಾಯಿಟ್ ಸುತ್ತಲಿನ ಹಳೆ ಕಾರಿನ ಹುಚ್ಚರ ಸಂಘದಲ್ಲಿ ಅವರ ಕೀರ್ತಿ ಯಾವ ಮಟ್ಟಕ್ಕೆ ಹಬ್ಬಿತ್ತೆಂದರೆ, ಉಳಿದವರು ಮಣಿಕಟ್ಟು ಉಳುಕಿಸಿಕೊಂಡು, ಮಕ್ಕಳು ಕೇಳಬಾರದ ಇಂಗ್ಲಿಷ್ ಆಡಿಕೊಂಡು ಹೊಡೆದಷ್ಟೂ ಮಲಗಿಯೇ ಇರುವ ಎಂಜಿನ್ನು, ಕಲ್ಲಿನಾಥರು ಒಂದೇ ಒಂದು ಸಲ ಹ್ಯಾಂಡಲ್ ಹೊಡೆದರೆ ‘ಬುಡುಬುಡು’ ಎಂದು ಎದ್ದು ನಿಲ್ಲುತ್ತದೆ! ಅವರ ಮೊಣಕೈಯಲ್ಲಿ ಯೋಗಶಕ್ತಿ ಇದೆ ಎಂದು ಕೆಲವರು, ಬಾಯಲ್ಲಿ ಮಂತ್ರ ಇದೆ ಎಂದು ಕೆಲವರು. ಕಲ್ಲಿನಾಥರು ಎರಡನ್ನೂ ಅಲ್ಲಗಳೆದವರಲ್ಲ. ತಾನಾಗಿ ಮನೆಗೆ ಬಂದ ಕೀರ್ತಿಯ ಮುಖಕ್ಕೆ ಬಾಗಿಲು ಹಾಕುವಷ್ಟು ಒರಟರಲ್ಲ ಅವರು.

ಕಲ್ಲಿನಾಥರ ಸ್ವಂತ ಕಾರು ನೂರು ದಾಟಿದ ಮುದುಕಿ. ಆ ಕಾಲದ ಡೆಟ್ರಾಯಿಟ್ಟಿನಲ್ಲಿ ಸಾರೋಟು ಮಾಡುವವನು, ಸೈಕಲ್ಲು ಮಾಡುವವನು, ಒಲೆ ಮಾಡುವವನು, ಎಲ್ಲರೂ ‘ನಾನೂ ಒಂದು ಕೈ ನೋಡಿಯೇ ಬಿಡುತ್ತೇನೆ’ ಎಂದು ಮೋಟಾರು ಮಾಡಲು ಹೊರಟಿದ್ದರಂತೆ. ಇದನ್ನು ಮಾಡಿದವನು ಒಲೆಯವನೇ ಇರಬೇಕೆಂದು ಕಲ್ಲಿನಾಥರ ಗುಮಾನಿ. ಓಟಕ್ಕಿಂತ ಹೊಗೆ ಹೆಚ್ಚು. ಕಂಪನಿಯಂತೂ ಕಾರಿನ ಮೊದಲ ಟೈರು ಸವೆಯುವ ಮುಂಚೆಯೇ ಮುಳುಗಿತ್ತು.

ಅದಕ್ಕೆ ಹೆಸರಿಟ್ಟವರು ಹೆಂಡತಿ ರುದ್ರಮ್ಮ. ಅದು ಮನೆಗೆ ಬಂದ ದಿನವೇ ಸೊಂಟದ ಮೇಲೆ ಕೈಯಿಟ್ಟು ಹೇಳಿದ್ದರು: “ಕರ್ರಗ ಐತಿ, ಹಟಮಾರಿ ಐತಿ, ನೂಕಿದ್ರೂ ನಡಿಯೂದಿಲ್ಲ. ಇದಕ್ಯಾಕ ಕಾರ್ ಅಂತೀರಿ? ಎಮ್ಮಿ ಅನ್ರಿ!”

ಹೋದ ಚಳಿಗಾಲದಲ್ಲಿ ರುದ್ರಮ್ಮ ತೀರಿಕೊಂಡರು. ಎಮ್ಮಿ ಗರಾಜಿನಲ್ಲಿ ಹೊದಿಕೆ ಹೊದ್ದು ಮಲಗಿತು. ಮಗಳು ಅಕ್ಷರಾ, ಅಳಿಯ ಋಷಿ ತಾವಿರುವ ದೂರದ ಪ್ಲೇನ್‌ಫೀಲ್ಡ್‌ನಿಂದ ಬಂದು ಮನೆ ಖಾಲಿ ಮಾಡತೊಡಗಿದರು. ಕಲ್ಲಿನಾಥರು ಇನ್ನು ಅವರ ಜೊತೆಗೆ. ಎಮ್ಮಿಗೆ ಮಾತ್ರ ಅಲ್ಲಿ ಜಾಗವಿಲ್ಲ. ಹತ್ತಿರದ ಪುಟ್ಟ ಮ್ಯೂಸಿಯಮ್ಮಿನ ಬಾರ್ಬರಾ ಎಂಬಾಕೆ ನೋಡಲು ಬರುತ್ತೇನೆಂದಿದ್ದಳು. ಆಕೆಯ ಮಾತು ನೇರ: ಎಂಜಿನ್ ಎದ್ದರೆ ಕಾರನ್ನು ಇಟ್ಟುಕೊಂಡು ಪ್ರತಿ ಭಾನುವಾರ ಅಂಗಳದಲ್ಲಿ ಓಡಿಸುತ್ತಾರೆ, ಏಳದಿದ್ದರೆ ಬಿಚ್ಚಿ, ಬಿಡಿಭಾಗಗಳನ್ನು ಬೇರೆ ಕಾರುಗಳಿಗೆ ಹಾಕುತ್ತಾರೆ.

“ಬಿಚ್ತಾರಂತ! ಬರ್ಲಿ ಆಕಿ,” ಕಲ್ಲಿನಾಥರು ತೋಳು ಮಡಚಿದರು. “ಅಳಿಯಂದ್ರ, ನೋಡ್ತಿರ್ರಿ. ಒಂದ ಹ್ಯಾಂಡಲ್! ಎರಡನೇದು ಹೊಡದ್ನೆಂದ್ರ ನನ್ನ ಹೆಸರು ಬದಲಿ ಮಾಡ್ರಿ.”

ಅಂದು ಮಧ್ಯಾಹ್ನದ ಹೊತ್ತಿಗೆ ಅವರಿಗೆ ಸಹಸ್ರನಾಮವೂ ಸಾಲದಂತಾಗಿತ್ತು.

ಎಮ್ಮಿಯ ಸ್ವಭಾವ ಇಷ್ಟೇ. ಸ್ಟೀರಿಂಗ್ ಪಕ್ಕ ಒಂದು ಸಣ್ಣ ಹಿಡಿಕೆ. ಮುಂದಿನಿಂದ ಹ್ಯಾಂಡಲ್ ಹೊಡೆಯುವಾಗ ಅದು ಮೇಲಿರಬೇಕು. ಎಂಜಿನ್ ‘ಗುಕ್’ ಎಂದ ತಕ್ಷಣ ಕೆಳಗೆ ಎಳೆಯಬೇಕು. ಎಮ್ಮಿಯನ್ನು ಹೇಗೋ ಗರಾಜಿನಿಂದ ಹೊರಗೆ ನೂಕಿ ನಿಲ್ಲಿಸಿದ್ದಾಗಿತ್ತು. ಕಲ್ಲಿನಾಥರು ಹೊಡೆದರು. ಗುಕ್ ಎಂದಿತು. ಹ್ಯಾಂಡಲ್ ಬಿಟ್ಟು, ಬಾನೆಟ್ ಸುತ್ತಿ, ನೋಯುವ ಮಂಡಿಯನ್ನು ಎಳೆದುಕೊಂಡು ಸೀಟಿಗೆ ಹಾರುವಷ್ಟರಲ್ಲಿ ಸತ್ತಿತು. ಮತ್ತೆ ಹೊಡೆದರು. ಮತ್ತೆ ಓಡಿದರು. ದೂರದಿಂದ ನೋಡಿದವರಿಗೆ ಒಬ್ಬ ಹಿರಿಯರು ಕಾರಿಗೆ ಪ್ರದಕ್ಷಿಣೆ ಹಾಕುವ ಹರಕೆ ಹೊತ್ತಂತೆ ಕಾಣುತ್ತಿತ್ತು.

“ಅಪ್ಪಾ, ಸ್ಟಾಪ್! ನಾನು ಕೂತ್ಕೋತೀನಿ,” ಎಂದು ಅಕ್ಷರಾ ಒಳಗೆ ಕುಳಿತಳು. ಕುಳಿತವಳು ಹಿಡಿಕೆ ಮುಟ್ಟಿದಳು. ಮುಟ್ಟಿದ ಕೈ ಹಾಗೇ ನಿಂತಿತು. ಹಿಡಿಕೆಗೆ ಹಳೆಯ ನೀಲಿ ಬಟ್ಟೆಯ ಪಟ್ಟಿ ಸುತ್ತಿತ್ತು, ಚಳಿಯಲ್ಲಿ ಕಬ್ಬಿಣ ಕೈಗೆ ತಣ್ಣಗೆ ಹತ್ತದಿರಲೆಂದು ರುದ್ರಮ್ಮ ಸುತ್ತಿದ್ದು. ಅಕ್ಷರಾ ಇಳಿದುಬಿಟ್ಟಳು.

“ಐ ಕಾಂಟ್, ಅಪ್ಪಾ. ಅದು ಅಮ್ಮನ ಸೀಟು, ನನ್ನ ಕೈಲಿ ಆಗಲ್ಲ.”

ಕಲ್ಲಿನಾಥರು ಹ್ಯಾಂಡಲ್ ಹಿಡಿದು ಮೆಟ್ಟಿಲ ಮೇಲೆ ಕುಳಿತರು. ಕೊನೆಗೆ ಮುಖ ಮೇಲೆತ್ತಿ, “ಅಕ್ಷರಾ, ಅವ್ವನ ಇಳಕಲ್ ಸೀರಿ ತಗೊಂಡು ಬಾ,” ಎಂದರು.

“ಪೂಜೆಗಾ?”

“ಉಡಸಾಕ.”

“ಯಾರಿಗೆ?!”

ಬಾಲ್ಯದಲ್ಲಿ ಅವರ ಮನೆಯ ಎಮ್ಮೆ ಅವರ ತಾಯಿಯ ಕೈಗಲ್ಲದೆ ಇನ್ನಾರಿಗೂ ಹಾಲು ಬಿಡುತ್ತಿರಲಿಲ್ಲ. ತಾಯಿ ತವರಿಗೆ ಹೋದಾಗ ಹುರಿಮೀಸೆಯ ತಂದೆ ಹೆಂಡತಿಯ ಸೀರೆ ಸುತ್ತಿ, ತಲೆಯ ಮೇಲೆ ಸೆರಗು ಹೊದ್ದು, ಚೆಂಬು ಹಿಡಿದು ಕೂರುತ್ತಿದ್ದರು. ಎಮ್ಮೆ ಮೂಸಿ ನೋಡಿ, ಮೀಸೆಯನ್ನು ಕ್ಷಮಿಸಿ, ಹಾಲು ಕೊಡುತ್ತಿತ್ತು. ಕಲ್ಲಿನಾಥರು ಇದನ್ನೆಲ್ಲ ಹೇಳಿ ಮುಗಿಸಿದಾಗ ಮಗಳು ಕಣ್ಣರಳಿಸಿ ನಿಂತಿದ್ದಳು.

“ಅಪ್ಪಾ, ಯು ಆರ್ ಆ್ಯನ್ ಎಂಜಿನಿಯರ್!”

“ಹೌದವಾ. ಅದಕ್ಕ ಮೊದಲ ಉಳಿದದ್ದೆಲ್ಲಾ ಮಾಡಿ ನೋಡೀನಿ.”

ಗಡ್ಡದ ಋಷಿ, ಮೈಸೂರಿನ ಹುಡುಗ, ಓಕ್ ಬ್ರೂಕ್‌ನ ಆಫೀಸಿನಲ್ಲಿ ಗಟ್ಟಿಯಾಗಿ ಸೀನಲೂ ನಾಚುವವನು, ಗಂಟಲು ಸರಿಮಾಡಿಕೊಂಡ. “ಸೀರೆ ಕೊಡು ಅಕ್ಷರಾ. ನಾನೇ ಉಡ್ತೀನಿ.”

ಸ್ವೆಟರಿನ ಮೇಲೆ ಸೀರೆ ಸುತ್ತಿದ್ದಾಯಿತು. ಕೆಂಪು ಸೆರಗು ತಲೆಯ ಮೇಲೆ ಬಂತು. ಅಕ್ಷರಾಗೆ ಅಳುವಿನ ನಡುವೆ ನಗು ಬಂದು ಬಿಕ್ಕಳಿಕೆ ಹತ್ತಿತು. ಋಷಿ ಗಂಭೀರವಾಗಿ ಸೀಟೇರಿದ.

“ಮಾವ, ಅತ್ತೆ ಏನಾದ್ರೂ ಹೇಳ್ತಿದ್ರಾ?”

“‘ಹೂಂ, ಹೊಡೀರಿ’ ಅಂತಿದ್ಲು. ಆಮ್ಯಾಲೆ ಕಾರಿಗೆ, ‘ಏಳ ಎಮ್ಮಿ’ ಅಂತಿದ್ಲು.”

“ಹೂಂ, ಹೊಡೀರಿ ಮಾವ. ಏಳೇ ಎಮ್ಮೆ!”

“‘ಮಾವ’ ಬ್ಯಾಡ್ರಿ, ಅಳಿಯಂದ್ರ. ಆಕಿ ನನಗ ಮಾವ ಅಂತಿರಲಿಲ್ಲ.”

“ಸಾರಿ ಮಾವ.” ಋಷಿ ಉಸಿರು ತುಂಬಿಕೊಂಡ. “ಹೂಂ. ಹೊಡೀರಿ!”

ಕಲ್ಲಿನಾಥರು ಬಗ್ಗಿ ಹ್ಯಾಂಡಲ್ ಹಿಡಿದರು. ಒಮ್ಮೆ ತಲೆಯೆತ್ತಿ ನೋಡಿದರು. ಮಸುಕಾದ ಹಳೆಯ ಗಾಜಿನ ಹಿಂದೆ ಕೆಂಪು ಸೆರಗು. ಅಷ್ಟೇ ಕಾಣುತ್ತಿತ್ತು, ಗಡ್ಡ ಕಾಣುತ್ತಿರಲಿಲ್ಲ. ಹೊಡೆದರು.

ಗುಕ್! ಒಳಗಿನ ಕೈ ಹಿಡಿಕೆ ಎಳೆಯಿತು. ಬುಡುಬುಡುಬುಡು!

ಎಮ್ಮಿ ಎದ್ದಿತು. ಒಂದೇ ಹ್ಯಾಂಡಲ್‌ಗೆ!

ಹ್ಯಾಂಡಲ್ ಹೊಡೆದವನು ಆ ಕ್ಷಣವೇ ಪಕ್ಕಕ್ಕೆ ಜಿಗಿಯಬೇಕು. ಥಂಡಿ ಹವೆಯಲ್ಲಿ ಎಮ್ಮಿ ಯಾರ ಅಪ್ಪಣೆಯೂ ಇಲ್ಲದೆ ಮೆಲ್ಲಗೆ ಮುಂದಕ್ಕೆ ನಡೆಯುವ ಚಟದ್ದು. ಇಷ್ಟು ವರ್ಷ ಈ ಪಾಠವನ್ನು ಸಂಘದವರಿಗೆಲ್ಲ ಹೇಳಿಕೊಟ್ಟ ಮಹಾಗುರು ಕಲ್ಲಿನಾಥರು ಈಗ ಎಲ್ಲಿದ್ದರು? ಅಲ್ಲೇ! ಬಂಪರಿನ ಮುಂದೆ, ಗಾಜಿನ ಹಿಂದಿನ ಸೆರಗನ್ನು ನೋಡುತ್ತ, ಕಂಬದಂತೆ ನಿಂತಿದ್ದರು. ಎಮ್ಮಿ ಮೂತಿಯಿಂದ ಅವರ ಮಂಡಿಯನ್ನು ತಳ್ಳಿತು. ಅವರು ನೋಟ ಕೀಳದೆ ಒಂದು ಹೆಜ್ಜೆ ಹಿಂದೆ ಇಟ್ಟರು. ಅದು ಮತ್ತೆ ತಳ್ಳಿತು.

“ಅಪ್ಪಾ, ಮೂವ್!”

“ಜರುಗಿ ಮಾವ! ಬ್ರೇಕ್ ಯಾವ್ದು ಮಾವ? ಮೂರು ಪೆಡಲ್ ಇದೆ ಮಾವ!”

ಮಾವನ ಕಣ್ಣು ಇನ್ನೂ ಸೆರಗಿನ ಮೇಲೆಯೇ. ಲೋಕದ ಕಾರುಗಳಲ್ಲೆಲ್ಲ ಬ್ರೇಕ್ ನಡುವೆ ಇರುತ್ತದೆಂಬ ವಿಶ್ವಾಸದಿಂದ ಅಳಿಯ ನಡುವಿನದನ್ನು ತುಳಿದ. ಒಲೆಯವನ ಲೋಕವೇ ಬೇರೆ, ನಡುವಿನದು ರಿವರ್ಸ್! ಎಮ್ಮಿ ಗಕ್ಕನೆ ನಿಂತು, ಹಿಂದಕ್ಕೆ ಹಾರಿ, ತೆರೆದಿದ್ದ ಗರಾಜಿಗೆ ನುಗ್ಗಿ, ಅಲ್ಲಿ ಚಾರ್ಜಿಗೆ ಹಾಕಿದ್ದ ಋಷಿಯ ಹೊಚ್ಚ ಹೊಸ ಕರೆಂಟಿನ ಕಾರಿಗೆ ಹಿಂಗಾಲಿನಿಂದ ಒದ್ದಿತು. ಸದ್ದೇ ಮಾಡಲರಿಯದ ಆ ಕರು ಹುಟ್ಟಿದಾರಭ್ಯ ಮೊದಲ ಬಾರಿಗೆ ‘ಕೊಯ್ಯೋ’ ಎಂದು ಅರಚಿತು. ಮೇಲಿನ ಹಲಗೆಯಿಂದ ಚಳಿಗಾಲದ ಟೈರುಗಳು ಉರುಳಿದವು. ಒಂದು ಟೈರು ಡ್ರೈವ್‌ವೇ ಇಳಿದು, ಆಗಷ್ಟೇ ಕಾರಿನಿಂದಿಳಿಯುತ್ತಿದ್ದ ಬಾರ್ಬರಾಳ ಪಾದದ ಬಳಿ ಹೋಗಿ, ಸ್ವಾಗತ ಕೋರಿ ಮಲಗಿತು.

ಬಾರ್ಬರಾ ಕಂಡದ್ದಿಷ್ಟು: ಅಳುತ್ತ ನಗುತ್ತಿರುವ ಹೆಂಗಸು, ಕೈಯಲ್ಲಿ ಕಬ್ಬಿಣ ಹಿಡಿದ ಹಿರಿಯರು, ಹೊಗೆಯೊಳಗಿಂದ ಸೀರೆ ಎತ್ತಿಹಿಡಿದು ಇಳಿಯುತ್ತಿರುವ ಗಡ್ಡದ ಗಂಡಸು. ಋಷಿ ಸೆರಗು ಸರಿಮಾಡಿಕೊಂಡು “ಹಾಯ್” ಎಂದ.

ಆಕೆ ನೇರ ಗರಾಜಿಗೆ ಹೋಗಿ, ಇನ್ನೂ ಬುಡುಗುಟ್ಟುತ್ತಿದ್ದ ಎಮ್ಮಿಯ ಬಾನೆಟ್ಟಿನ ಮೇಲೆ ಕೈಯಿಟ್ಟು ಕೇಳಿಸಿಕೊಂಡಳು.

“ಜೀವ ಇದೆ. ಇದನ್ನು ನಾವು ಬಿಚ್ಚುವುದಿಲ್ಲ,” ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ಅಕ್ಷರಾ ಅಪ್ಪನ ತೋಳು ಹಿಡಿದಳು. ಬಾರ್ಬರಾ ಮುಂದುವರಿದಳು: “ಆದರೆ ಪ್ರತಿ ಭಾನುವಾರ ಇದನ್ನು ಎಬ್ಬಿಸಬೇಕಾದವಳು ನಾನು. ನಿಮ್ಮ ಒಂದೇ ಹ್ಯಾಂಡಲಿನ ಕಥೆ ಸಂಘದವರೆಲ್ಲ ಹೇಳುತ್ತಾರೆ. ಮೊಣಕೈಯಂತೆ, ಮಂತ್ರವಂತೆ. ನಿಜವಾದ ಗುಟ್ಟೇನು? ನನಗೂ ಕಲಿಸಿ.”

ಬೇರೆ ದಿನವಾಗಿದ್ದರೆ ಕಲ್ಲಿನಾಥರು ಮೊಣಕೈಯ ಕೋನದಿಂದ ಶುರುಮಾಡಿ ಕತ್ತಲಾಗುವವರೆಗೆ ಉಪನ್ಯಾಸ ಕೊಡುತ್ತಿದ್ದರು. ಇಂದು ಹ್ಯಾಂಡಲನ್ನು ಆಕೆಯ ಕೈಗಿತ್ತು, ಹಿಡಿಕೆಗೆ ಸುತ್ತಿದ್ದ ನೀಲಿ ಪಟ್ಟಿಯ ಕಡೆ ನೋಡಿದರು.

“ಒಳಗ ಒಬ್ಬರು ಕುಂತಿರಬೇಕು,” ಎಂದರು. ಆಕೆಗೆ ಕನ್ನಡ ಬಾರದೆಂಬುದು ಆಮೇಲೆ ನೆನಪಾಗಿ, ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು.