ಉಪವಾಸ ಕೂತ ಮೀನು

ನನಗೆ ಮೀನೆಂದರೆ ಪ್ರಾಣ. ಈ ಮಾತನ್ನು ನಮ್ಮ ಕೋಟ, ಕುಂದಾಪುರದ ಕಡೆ ಹೇಳಿದರೆ ಕೇಳಿದವರು ಒಳಗೆ ಹೋಗಿ ಇನ್ನೊಂದು ತಟ್ಟೆ ಹಾಕುತ್ತಾರೆ. ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಹೇಳಿದರೆ, "ಹೌದೇ? ಮನೆಯಲ್ಲಿ ಅಕ್ವೇರಿಯಂ ಇಟ್ಟಿದ್ದೀರಾ?" ಎಂದು ಕೇಳುತ್ತಾರೆ. ಹನ್ನೆರಡು ವರ್ಷದ ಹಿಂದೆ ಈ ಬಾಡಿಗೆ ಮನೆಗೆ ಬರುವಾಗ ನಾನು ಸಹಿ ಹಾಕಿದ ಹೌಸಿಂಗ್ ಸೊಸೈಟಿಯ ಕರಾರಿನಲ್ಲಿ, ಮನೆಯೊಳಗೆ ಮಾಂಸ, ಮೀನು, ಮೊಟ್ಟೆ ಬೇಯಿಸತಕ್ಕದ್ದಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು. ಕೆಲಸ ಸಿಕ್ಕಿದ ಖುಷಿಯಲ್ಲಿ ಓದದೆ ಸಹಿ ಹಾಕಿದೆ. ಓದಿದ ಮೇಲೆ ಒಂದು ನಿಟ್ಟುಸಿರು ಬಿಟ್ಟೆ. ಆದರೆ ಕೊಟ್ಟ ಮಾತಿಗೆ ಇವತ್ತಿನವರೆಗೂ ತಪ್ಪಿಲ್ಲ. ಅಹಮದಾಬಾದಿನಲ್ಲಿ ಮೀನು ಸಿಗುವ ಹೋಟೆಲುಗಳು ಇಲ್ಲವೆಂದಲ್ಲ. ಒಂದೆರಡು ಕಡೆ ಹೋಗಿಯೂ ಬಂದೆವು. ಅಲ್ಲಿ ಮಸಾಲೆಯ ಆರ್ಭಟದಲ್ಲಿ ಮೀನು ಯಾವುದೆಂದು ಗೊತ್ತಾಗದೆ, ನನ್ನ ಹೆಂಡತಿ ಸುಜಾತ ಮೂರನೆಯ ಸಲ ಚಪ್ಪಲಿ ಹಾಕಲೇ ಇಲ್ಲ.

ನನ್ನ ಕೆಲಸ ವಟ್ವಾದ ಬಣ್ಣದ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ. ಬೆಳಗಿನಿಂದ ಸಂಜೆಯವರೆಗೆ ಸೀಸೆಗಳನ್ನು ಬೆಳಕಿಗೆ ಹಿಡಿದು, ಇದು ಪಾಸು, ಇದು ಫೇಲು ಎಂದು ತೀರ್ಪು ಕೊಡುವುದು. ಇಂಥ ಕೆಲಸ ಮಾಡುವವನಿಗೆ ಕಾಲಕ್ರಮೇಣ ಒಂದು ರೋಗ ಅಂಟಿಕೊಳ್ಳುತ್ತದೆ. ಅಳತೆಗೆ ಸಿಗುವ ಯಾವುದನ್ನಾದರೂ ತಾನು ತಯಾರಿಸಬಲ್ಲೆ ಎಂಬ ಅಹಂಕಾರದ ರೋಗ. ಊರ ನೆನಪು ವಿಪರೀತವಾಗಿ ಕಾಡಿದ ಒಂದು ಬೇಸಗೆಯಲ್ಲಿ ನಾನು ಸಮುದ್ರವನ್ನೇ ತಯಾರಿಸಲು ಹೊರಟೆ. ಮನೆಯ ಹಾಲ್‌ನಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ, ಬಚ್ಚಲಲ್ಲಿ ನೀಲಿ ಡ್ರಮ್ಮು, ಡ್ರಮ್ಮಿನಲ್ಲಿ ಫಿಲ್ಟರ್ ನೀರು, ಅದಕ್ಕೆ ಪೊಟ್ಟಣದಲ್ಲಿ ಬರುವ ಸಮುದ್ರದುಪ್ಪು. ಎರಡು ದಿನ ಕಲಸಿ, ಅಳೆದು, ಮತ್ತೆ ಕಲಸಿ, ಉಪ್ಪಿನಳತೆಯ ಮುಳ್ಳು ಸರಿಯಾದ ಗೆರೆಗೆ ಬಂದು ನಿಂತಾಗ ಸುಜಾತಳನ್ನು ಕೂಗಿ ಕರೆದೆ. "ನೋಡು, ನಮ್ಮೂರ ಕೋಡಿ ಕಡಲಿನಲ್ಲಿ ಇರುವಷ್ಟೇ ಉಪ್ಪು. ಒಂದು ಕಾಳು ಹೆಚ್ಚಿಲ್ಲ, ಕಡಿಮೆ ಇಲ್ಲ." ಅವಳು ಡ್ರಮ್ಮಿನ ಮೇಲೆ ಬಗ್ಗಿ ಉದ್ದಕ್ಕೆ ಉಸಿರೆಳೆದು ಹೇಳಿದಳು: "ಹ್ವಾಯ್, ಇದ್ ಉಪ್ಪ್ ನೀರ್ ಅಷ್ಟೇ. ಸಮುದ್ರದ್ ವಾಸ್ನೆ ಎಲ್ಲಿತ್?" ವಾಸನೆ ಅಳೆಯುವ ಯಂತ್ರ ನನ್ನ ಬಳಿ ಇರಲಿಲ್ಲ.

ಅದೇನೇ ಇರಲಿ, ನಾಲ್ಕು ವರ್ಷಗಳಿಂದ ಆ ತೊಟ್ಟಿಯಲ್ಲಿ ಒಂದು ಸಂಸಾರ ಸುಖವಾಗಿ ನಡೆದಿದೆ. ಕೇಸರಿ ಮೈಗೆ ಬಿಳಿ ಪಟ್ಟೆಯ ಕ್ಲೌನ್ ಮೀನಿನ ಜೋಡಿ ಒಂದು. ಇಬ್ಬರೂ ಒಂದೇ ಮೂಲೆ ಬಿಟ್ಟು ಕದಲುವುದಿಲ್ಲ. ಇನ್ನೊಂದು, ಅಂಗೈಯಗಲದ ಹಳದಿ ಮೀನು. ಅದಕ್ಕೆ ನಾವಿಟ್ಟ ಹೆಸರು ಸೆಕ್ರೆಟರಿ. ನಮ್ಮ ಹೌಸಿಂಗ್ ಸೊಸೈಟಿಯ ನಿಜವಾದ ಸೆಕ್ರೆಟರಿ, ಮೇಲಿನ ಮನೆಯ ಹಂಸಾಬೆನ್, ದಿನಕ್ಕೆರಡು ಸುತ್ತು ಹೊಡೆದು ಯಾರು ಎಲ್ಲಿ ಸ್ಕೂಟರ್ ನಿಲ್ಲಿಸಿದರು, ಯಾರ ಬಟ್ಟೆಯಿಂದ ಯಾರ ಮನೆಗೆ ನೀರು ತೊಟ್ಟಿಕ್ಕಿತು ಎಂದು ನೋಡುವಂತೆಯೇ ಇದೂ ನೋಡುತ್ತದೆ. ಹಂಸಾಬೆನ್ ದಿನಾ ಸಂಜೆ ದೀಪ ಹಚ್ಚಿ ಮುಗಿಸಿ ನಮ್ಮ ಮನೆಗೆ ಬಂದು, ತೊಟ್ಟಿಯ ಮುಂದೆ ಕುರ್ಚಿ ಹಾಕಿ ಹತ್ತು ನಿಮಿಷ ಕೂರುತ್ತಾರೆ. ತಮ್ಮ ಹುದ್ದೆಯ ಹೆಸರಿಟ್ಟುಕೊಂಡ ಮೀನೇ ಅವರಿಗೆ ಎಲ್ಲಕ್ಕಿಂತ ಇಷ್ಟ. ವಿಷಯ ಅವರಿಗೆ ಗೊತ್ತಿಲ್ಲ, ನೀವೂ ಹೇಳಬೇಡಿ.

ಇಂಥ ಮನೆಗೆ ನಾನು ಹೊಸಬನೊಬ್ಬನನ್ನು ತಂದೆ. ನಮ್ಮ ಕಾರ್ಖಾನೆಯ ನೀಲಿ ಬಣ್ಣ ಸೀರೆಯಲ್ಲಿ ಹಸಿರಾಗಿ ಕಾಣುತ್ತದೆ ಎಂದು ಸೂರತ್ತಿನ ಗಿರಾಕಿಯೊಬ್ಬರು ತಕರಾರು ಮಾಡಿದ್ದರು. ಸಮಾಧಾನ ಹೇಳಲು ಹೋದವನು, ವಾಪಸು ರೈಲಿಗೆ ಹೊತ್ತಿದ್ದುದರಿಂದ ಮೀನಿನ ಅಂಗಡಿಯೊಂದಕ್ಕೆ ನುಗ್ಗಿದೆ. ಅಲ್ಲಿತ್ತು ಅದು. ಬೆಳ್ಳಿ ಮೈಗೆ ತಾಮ್ರದ ಬಣ್ಣದ ಅಡ್ಡಪಟ್ಟಿ, ಮುಂದಕ್ಕೆ ಚಾಚಿದ ಉದ್ದ ಮೂತಿ. ಆ ಮೂತಿಯನ್ನು ಕಲ್ಲಿನ ಸಂದಿಸಂದಿಗೆ ತೂರಿಸಿ ಏನನ್ನೋ ಹುಡುಕುತ್ತಿತ್ತು, ಸಿಗದೆ ಇನ್ನೊಂದು ಕಲ್ಲಿಗೆ ಹೋಗುತ್ತಿತ್ತು. ಚಿಟ್ಟೆಮೀನು ಎಂದ ಅಂಗಡಿಯವನು. "ಥೋಡಾ ನಖ್ರೇವಾಲಾ ಹೈ ಸಾಹೇಬ್," ಸ್ವಲ್ಪ ಬಿಂಕದ್ದು, ಎಂದೂ ಸೇರಿಸಿದ. "ತಿನ್ನುತ್ತದೆ ತಾನೇ?" "ತಿನ್ನದೆ ಬದುಕುತ್ತದೆಯೇ ಸಾಹೇಬ್!" ಕಾರ್ಖಾನೆಯಲ್ಲಿ ಒಂದು ಚೀಲ ಸೋಡಾ ಬಂದರೂ ಮೂರು ಕಡೆಯಿಂದ ಸ್ಯಾಂಪಲ್ ತೆಗೆಯದೆ ಒಳಗೆ ಬಿಡದ ನಾನು, ನನ್ನ ಕಣ್ಣೆದುರು ಅದು ಒಂದು ತುತ್ತು ತಿನ್ನುವುದನ್ನು ನೋಡದೆ ತಂದುಬಿಟ್ಟೆ. ಕಾರಣ ಕೇಳಿದರೆ ಈಗಲೂ ನನಗೆ ಹೇಳಲು ಬರುವುದಿಲ್ಲ. ಅದು ಹುಡುಕುತ್ತಿದ್ದ ರೀತಿ ನೋಡಿ ಮನಸ್ಸು ಕರಗಿತು, ಅಷ್ಟೇ.

ಥರ್ಮೋಕೋಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅಹಮದಾಬಾದಿಗೆ ಬಂದೆ. ಹೊಸ ಮೀನನ್ನು ಹಾಗೇ ನೀರಿಗೆ ಸುರಿಯುವಂತಿಲ್ಲ. ತೊಟ್ಟಿಯ ನೀರನ್ನು ಸಣ್ಣ ಕೊಳವೆಯಲ್ಲಿ ತೊಟ್ಟು ತೊಟ್ಟಾಗಿ ಅದರ ಚೀಲಕ್ಕೆ ಇಳಿಸಿ, ಎರಡು ಗಂಟೆ ಕಾದು, ದೀಪ ಆರಿಸಿ, ಕತ್ತಲಲ್ಲಿ ಮೆಲ್ಲಗೆ ಒಳಗೆ ಬಿಡಬೇಕು. ಬಿಟ್ಟೆ. ಸೆಕ್ರೆಟರಿ ಕೂಡಲೇ ವಿಚಾರಣೆಗೆ ಬಂತು, ಬಾಲದ ಪಕ್ಕದ ಮುಳ್ಳು ತೋರಿಸಿ ಹೊಸಬನನ್ನು ಮೂಲೆಗೆ ಅಟ್ಟಿತು. ಇದಕ್ಕೂ ಒಂದು ಉಪಾಯವಿದೆ: ಗಾಜಿನ ಹೊರಗೆ ಕನ್ನಡಿ ಅಂಟಿಸುವುದು. ಸುಜಾತಳ ಡ್ರೆಸ್ಸಿಂಗ್ ಟೇಬಲ್ಲಿನ ಕೈಗನ್ನಡಿ ಅಂಟಿಸಿದೆ. ಸೆಕ್ರೆಟರಿ ಮೂರು ದಿನ ತನ್ನ ಮೇಲೆ ತಾನೇ ಜಗಳಕ್ಕೆ ಹೋಗಿ ಸುಸ್ತಾಗಿ, ಹೊಸಬನನ್ನು ಮರೆತುಬಿಟ್ಟಿತು. ಮೂರು ದಿನ ಸುಜಾತ ಸ್ಟೀಲ್ ತಟ್ಟೆ ನೋಡಿಕೊಂಡು ಬೊಟ್ಟಿಟ್ಟಳು.

ಜಗಳ ಮುಗಿಯಿತು, ಊಟ ಮಾತ್ರ ಶುರುವಾಗಲಿಲ್ಲ. ಮೀನಿಗೆಂದೇ ಮಾರುವ ಕಾಳು ಹಾಕಿದರೆ ಹತ್ತಿರ ಬಂದು, ನೋಡಿ, ತಿರುಗಿ ಹೋಗುತ್ತಿತ್ತು. ಅಕ್ವೇರಿಯಂ ಅಂಗಡಿಯಲ್ಲಿ ಮಂಜುಗಡ್ಡೆಯಾಗಿ ಸಿಗುವ ಸಣ್ಣ ಸಿಗಡಿ ಹಾಕಿದರೆ ಅದನ್ನೂ ನೋಡಿ ಹೋಗುತ್ತಿತ್ತು. ನಾನು ನೀರು ಪರೀಕ್ಷಿಸಿದೆ. ಉಪ್ಪು ಸರಿ, ಶಾಖ ಸರಿ, ವಿಷದ ಅಂಶ ಸೊನ್ನೆ. ದಿನಕ್ಕೆ ಎರಡು ಸಲ ಅಳೆದು ಫ್ರಿಜ್ಜಿನ ಬಾಗಿಲಿಗೆ ಪಟ್ಟಿ ಅಂಟಿಸಿದೆ. ಪಟ್ಟಿ ದಿನದಿನಕ್ಕೆ ಉದ್ದವಾಯಿತು, ಮೀನು ದಿನದಿನಕ್ಕೆ ತೆಳ್ಳಗಾಯಿತು. ಹಂಸಾಬೆನ್ ಬಂದ ಕೂಡಲೇ ಕೇಳುವುದು ಒಂದೇ ಮಾತು: "ಖಾಧುಂ?" ತಿಂದಿತೇ? ಇಲ್ಲವೆಂದರೆ ಮೊದಲ ನಾಲ್ಕು ದಿನ ಕೈ ಮುಗಿದರು. ಅವರ ಲೆಕ್ಕದಲ್ಲಿ ಅದು ಉಪವಾಸ, ಉಪವಾಸ ಕೂತವರನ್ನು ಒತ್ತಾಯ ಮಾಡಬಾರದು. ಏಳನೆಯ ದಿನ ಅದರ ನೆತ್ತಿ ಒಳಕ್ಕೆ ಕುಸಿದದ್ದು ನೋಡಿ ಅವರ ಕಣ್ಣಲ್ಲಿ ನೀರು ಬಂತು. ಅಷ್ಟು ದೂರದ ಸಮುದ್ರದಿಂದ ಹಿಡಿದು ತಂದು, ನೀರೊಂದು ಸರಿಯಿದ್ದರೆ ಸಾಕು ಅಂದುಕೊಂಡಿದ್ದೆನಲ್ಲ! ಸುಜಾತ ಪಟ್ಟಿಯನ್ನು ಕಿತ್ತು ನನ್ನ ಕೈಗಿಟ್ಟಳು. "ನೀರ್ ಕಂಡ್ರಿ, ಉಪ್ಪ್ ಕಂಡ್ರಿ. ಅದ್ಕೆ ಎಂತ ತಿಂಬುಕ್ ಬೇಕಂತ್ ಕೇಂಡ್ರ್ಯಾ? ನೀವ್ ಇಲ್ಲಿಗ್ ಬಂದ್ ಶುರುವಿಗೆ ಹೀಂಗೇ ಮಾಡಿದ್ರಿ ಅಲ್ದಾ?"

ಮಾತು ನಿಜ. ಇಲ್ಲಿಯ ಬೇಳೆಗೆ ಬೆಲ್ಲ ಹಾಕುತ್ತಾರೆಂದು ಗೊತ್ತಾದಾಗ ನಾನು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬರೀ ಮಜ್ಜಿಗೆ ಕುಡಿದು ಬಂದವನು. ಆಗಿನ್ನೂ ಮದುವೆಯ ಹೊಸತು, ಸುಜಾತಳಿಗೆ ಟೈಫಾಯಿಡ್, ಒಲೆ ಹಚ್ಚುವವರಿಲ್ಲ. ಹಂಸಾಬೆನ್ ಬೆಲ್ಲವಿಲ್ಲದ ಬೇಳೆ ಮಾಡಿ ಕಳಿಸಿದರು. ಮುಂದಿನ ವಾರ ಒಂದು ಚಿಟಿಕೆ ಬೆಲ್ಲ, ಅದರ ಮುಂದಿನ ವಾರ ಎರಡು. ಎರಡು ತಿಂಗಳಲ್ಲಿ ನಾನು ಬಟ್ಟಲು ನೆಕ್ಕುವಷ್ಟು ಪಳಗಿದ್ದೆ. ಈ ಕಥೆಯನ್ನು ಅವರು ಸೊಸೈಟಿಯ ಎಲ್ಲ ಸಭೆಗಳಲ್ಲೂ ಹೇಳುತ್ತಾರೆ.

ಚಿಟ್ಟೆಮೀನು ಬೇರೇನೂ ಮುಟ್ಟದಿದ್ದರೂ ಚಿಪ್ಪಿನೊಳಗಿನ ಹಸಿ ಮಾಂಸ ಕಂಡರೆ ಬಿಡುವುದಿಲ್ಲ ಎಂದು ಸೂರತ್ತಿನ ಅಂಗಡಿಯವನು ಫೋನಿನಲ್ಲಿ ಹೇಳಿದ. ಮರುವಾಯಿ! ನಮ್ಮ ಕಡೆ ಈ ಕಪ್ಪೆಚಿಪ್ಪಿಗೆ ಮಳಿ ಎನ್ನುತ್ತೇವೆ. ಆ ಹೆಸರು ಕೇಳಿಯೇ ನನ್ನ ಬಾಯಲ್ಲಿ ನೀರೂರಿತು, ನಾಚಿಕೆಯೂ ಆಯಿತು. ಸಾಯುತ್ತಿರುವುದು ಮೀನು, ಜೊಲ್ಲು ಸುರಿಸುತ್ತಿರುವುದು ನಾನು. ಹಂಸಾಬೆನ್ ಬಂದಾಗ ತಲೆ ತಗ್ಗಿಸಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಕುರ್ಚಿಯನ್ನು ತೊಟ್ಟಿಯ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಹಿಂದಿಯಲ್ಲಿ ಕೇಳಿದರು, "ಮೀನು ಅದನ್ನು ಬೇಯಿಸಿ ತಿನ್ನುತ್ತದೋ, ಹಸಿಯೋ?" ಹಸಿ ಎಂದೆ. "ಕರಾರಿನಲ್ಲಿ ಬೇಯಿಸಬಾರದು ಎಂದಿದೆ. ಹಸಿಯ ಮಾತಿಲ್ಲ." ಎದ್ದು ಬಾಗಿಲವರೆಗೆ ಹೋಗಿ ತಿರುಗಿ ನಿಂತರು. "ಯಾವತ್ತು ತರುತ್ತೀರಿ ಎಂದು ಮಾತ್ರ ನನಗೆ ಹೇಳಬೇಡಿ."

ತರುವುದು ಎಲ್ಲಿಂದ? ನೆನಪಾದವರು ವಡೋದರಾದಲ್ಲಿ ಹೋಟೆಲ್ ಇಟ್ಟಿರುವ ನಮ್ಮೂರಿನ ಐತಾಳರು. ಈರುಳ್ಳಿ ಕಂಡರೂ ಎರಡು ಹೆಜ್ಜೆ ಹಿಂದೆ ಸರಿಯುವ ಮನುಷ್ಯ. ಆದರೆ ಅವರಿಗೆ ತೆಂಗಿನಕಾಯಿ ತರುವ ಲಾರಿ ಸೂರತ್ತಿನಿಂದ ಬರುತ್ತದೆ, ಅದರ ಡ್ರೈವರಿಗೆ ಮೀನುಪೇಟೆ ಗೊತ್ತು. ಫೋನು ಮಾಡಿ ವಿಷಯ ಹೇಳಿದಾಗ ಅವರು ಕೇಳಿದರು, "ಹ್ವಾಯ್, ಸತ್ಯ ಹೇಳಿ. ಮಳಿ ಬೇಕಾದ್ದ್ ಮೀನಿಗಾ, ನಿಮ್ಗಾ?" ದೇವರಾಣೆ ಮೀನಿಗೆ ಎಂದೆ. ಭಾನುವಾರ ಬೆಳಿಗ್ಗೆ ಹೋದಾಗ ಅವರು ಹಿತ್ತಲ ಬಾಗಿಲಿಗೆ ಬಂದು, ಬಾಳೆಲೆ ಸುತ್ತಿ ಮೂರು ಪ್ಲಾಸ್ಟಿಕ್ ಚೀಲ ಹಾಕಿದ ಗಂಟನ್ನು ಎರಡೇ ಬೆರಳಲ್ಲಿ ಹಿಡಿದು ಚಾಚಿದರು. ಮೇಲೆ 'ಮಾವಿನ ಮಿಡಿ' ಎಂದು ಚೀಟಿ. "ನಮ್ಮ್ ಅಜ್ಜಯ್ಯಂಗ್ ಗೊತ್ತಾರೆ ಮೇಲಿಂದ ಇಳ್ದ್ ಬತ್ರ್," ಎಂದು ನಿಟ್ಟುಸಿರು ಬಿಟ್ಟು, ನನಗೆ ಇಡ್ಲಿ ಹಾಕಿಸಿದರು.

ಮಧ್ಯಾಹ್ನ ಮನೆಯಲ್ಲಿ ಸುಜಾತ ಕತ್ತಿಯ ತುದಿಯನ್ನು ಚಿಪ್ಪಿನ ಸಂದಿಗೆ ಕೊಟ್ಟು ಒಂದು ತಿರುವು ತಿರುವಿದಳು. ಹನ್ನೆರಡು ವರ್ಷವಾದರೂ ಅವಳ ಕೈ ಮರೆತಿರಲಿಲ್ಲ. ಚಿಪ್ಪು ಬಾಯಿ ಬಿಟ್ಟಿತು, ಒಳಗಿದ್ದ ಒಂದು ಚಮಚ ನೀರು ಅವಳ ಅಂಗೈಗೆ ಇಳಿಯಿತು. ಅಡುಗೆಮನೆಯ ತುಂಬ ಹೊಳೆ ಕಡಲಿಗೆ ಸೇರುವ ಜಾಗದ ವಾಸನೆ. ನಾನು ಚಿಕ್ಕವನಿದ್ದಾಗ ಇಳಿತದ ಹೊತ್ತಿನಲ್ಲಿ ಅಮ್ಮ ಸೀರೆ ಎತ್ತಿ ಕಟ್ಟಿ, ಮೊಣಕಾಲು ನೀರಲ್ಲಿ ನಿಂತು, ಕಾಲ ಹೆಬ್ಬೆರಳಲ್ಲಿ ಕೆಸರು ತಡವಿ ಮಳಿ ಹುಡುಕುತ್ತಿದ್ದಳು. ದಡದಲ್ಲಿ ಬುಟ್ಟಿ ಹಿಡಿದು ನಿಂತ ನನಗೆ, ಅವಳ ಮುಖ ನೋಡಿಯೇ ಸಿಕ್ಕಿತೋ ಇಲ್ಲವೋ ಗೊತ್ತಾಗುತ್ತಿತ್ತು. ಅಮ್ಮ ಹೋಗಿ ಆರು ವರ್ಷ. "ಈಗ ಬಂತ್ ಕಾಣಿ ಸಮುದ್ರದ್ ವಾಸ್ನೆ," ಎಂದಳು ಸುಜಾತ. ಕತ್ತಿ ಕೆಳಗಿಟ್ಟು, ಅಂಗೈಯನ್ನು ಮುಖದ ಹತ್ತಿರ ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು. ನಾನು ಊರನ್ನು ಅಷ್ಟು ಬಯಸಿದ್ದು ಬೇರೆ ಯಾವ ದಿನವೂ ಇಲ್ಲ.

ತೆರೆದ ಚಿಪ್ಪನ್ನು ತೊಟ್ಟಿಯ ಮರಳಿನ ಮೇಲಿಟ್ಟೆವು. ಸೆಕ್ರೆಟರಿ ಬಂದು ಮೂಸಿ, ತನ್ನ ಇಲಾಖೆಗೆ ಸೇರಿದ್ದಲ್ಲವೆಂದು ಹೋಯಿತು. ಹೊಸಬ ದೂರದಿಂದ ನೋಡಿತು, ಹತ್ತಿರ ಬಂತು, ಹಿಂದೆ ಸರಿಯಿತು. ಮತ್ತೆ ಬಂದು ಉದ್ದ ಮೂತಿಯನ್ನು ಚಿಪ್ಪಿನೊಳಗೆ ಇಳಿಸಿ ಒಂದು ಚೂರು ಕಿತ್ತಿತು. ಇನ್ನೊಂದು ಚೂರು. ಆಮೇಲೆ ನಿಲ್ಲಿಸಲೇ ಇಲ್ಲ. ಸುಜಾತ ನನ್ನ ತೋಳು ಹಿಡಿದುಕೊಂಡಿದ್ದಳು. ಸಂಜೆ ಹಂಸಾಬೆನ್ "ಖಾಧುಂ?" ಎಂದಾಗ ಹೌದೆಂದೆ. ಏನನ್ನು ಎಂದು ಅವರು ಕೇಳಲಿಲ್ಲ. ಮೇಲೆ ಹೋಗಿ ಒಂದು ಬಟ್ಟಲು ಲಾಪ್ಸಿ ತಂದು ನಮ್ಮ ಬಾಯಿ ಸಿಹಿ ಮಾಡಿದರು.

ಅಲ್ಲಿಂದ ಮುಂದೆ ದಿನಕ್ಕೊಂದು ಚಿಪ್ಪು. ಫ್ರೀಜರಿನಲ್ಲಿ ಮಳಿ, ಕೆಳಗಿನ ಅರೆಯಲ್ಲಿ ತೆಂಗಿನಕಾಯಿ, ಡಬ್ಬಿಯಲ್ಲಿ ಊರ ಮೆಣಸು. ಎಲ್ಲವೂ ಒಂದೇ ಮನೆಯಲ್ಲಿದ್ದೂ ನಮ್ಮೂರ ಮಳಿ ಪಲ್ಯ, ಸುಕ್ಕ, ಆಗದೆ ಉಳಿಯಿತು. ಮಾತು ಕೊಟ್ಟಾಗಿತ್ತಲ್ಲ. ಬೆಳಿಗ್ಗೆ ನಾನು ಗುಜರಾತಿನ ಒಣರೊಟ್ಟಿ ಖಾಖ್ರಾ ಮುರಿಯುತ್ತ ಅದು ತಿನ್ನುವುದನ್ನು ನೋಡುತ್ತಿದ್ದೆ. ಬೋಡಕ್‌ದೇವ್‌ನಲ್ಲಿ ಕಾನೂನುಬದ್ಧವಾಗಿ ಮಳಿ ತಿನ್ನುವ ಭಾಗ್ಯ ಅದೊಂದಕ್ಕೇ ಇತ್ತು. ಆಮೇಲೆ ಹಂಸಾಬೆನ್‌ರ ಬೆಲ್ಲದ ವಿದ್ಯೆಯನ್ನೇ ಪ್ರಯೋಗಿಸಿದೆ. ಚಿಪ್ಪಿನೊಳಗೆ ಒಂದೆರಡು ಕಾಳು ಒತ್ತಿಟ್ಟೆ, ಮರುವಾರ ಇನ್ನಷ್ಟು. ಎರಡು ತಿಂಗಳು ಕಳೆದು ಒಂದು ಬೆಳಿಗ್ಗೆ, ಹಾಕಿದ ಬರೀ ಕಾಳನ್ನು ಅದು ಕ್ಲೌನ್ ಮೀನುಗಳ ಜತೆ ನುಗ್ಗಿ ತಿಂದಿತು. ನಾನು ಕುಣಿಯಬೇಕಿತ್ತು. ಕುಣಿಯುವ ಬದಲು ಒಂದು ಬಗೆಯ ದುಃಖವಾಯಿತು. ಇನ್ನು ಐತಾಳರಿಗೆ ಫೋನು ಮಾಡಲು ನೆಪವಿಲ್ಲ, ಸುಜಾತ ಚಿಪ್ಪು ಬಿಡಿಸುವುದಿಲ್ಲ, ಆ ವಾಸನೆ ಬರುವುದಿಲ್ಲ.

ಹಾಗಾಗಿ ಒಂದು ಸಣ್ಣ ಸುಳ್ಳು ಹೇಳಿದೆ. ಶನಿವಾರ ಸಂಜೆ ಹಂಸಾಬೆನ್, ಈಗ ಕಾಳಿಗೆ ಒಗ್ಗಿಕೊಂಡಿತೇ ಎಂದು ಕೇಳಿದಾಗ, "ಇನ್ನೂ ಇಲ್ಲ ಬೆನ್, ಇನ್ನೂ ಕೆಲವು ದಿನ ಅದೇ ಬೇಕಾಗಬಹುದು," ಎಂದೆ. ಅಷ್ಟರಲ್ಲಿ ಆ ದ್ರೋಹಿ ಮೀನು ನೀರಿನಲ್ಲಿ ತೇಲುತ್ತಿದ್ದ ಕಾಳೊಂದನ್ನು ಅವರ ಕಣ್ಣೆದುರೇ ಗುಳುಂ ಎನಿಸಿತು. ಅವರು ಮೀನನ್ನು ನೋಡಿದರು, ನನ್ನನ್ನು ನೋಡಿದರು, ಬೈಯಲಿಲ್ಲ. "ನಾಳೆ ಬೇಳೆ ಕಳಿಸುತ್ತೇನೆ. ಬೆಲ್ಲ ಹಾಕುವುದಿಲ್ಲ," ಎಂದು ಮೆಲ್ಲಗೆ ಹೇಳಿ ಎದ್ದು ಹೋದರು. ಹನ್ನೆರಡು ವರ್ಷದ ಮೇಲೆ ನನ್ನ ಉಪವಾಸ ಅವರಿಗೆ ಮತ್ತೆ ಕಂಡಿತ್ತು. ನನಗೆ ಕಣ್ಣು ತುಂಬಿ ಬಂತು.

ಭಾನುವಾರ ಮಧ್ಯಾಹ್ನ ಬೇಳೆ ಬಂತು. ಬಿಸಿ ಅನ್ನದ ಮೇಲೆ ಸುರಿದುಕೊಂಡು, ಇನ್ನೇನು ಊರೇ ಬಾಯಿಗೆ ಬರುತ್ತದೆಂದು ಕಣ್ಣು ಮುಚ್ಚಿ ಮೊದಲ ತುತ್ತು ಇಟ್ಟೆ. ಸಪ್ಪೆ. ಇನ್ನೊಂದು ತುತ್ತು ತಿಂದೆ. ಏನೋ ಕಡಿಮೆ. ಮೂರನೆಯ ತುತ್ತಿಗೆ ಎದ್ದು, ಸುಜಾತಳ ಕಡೆ ನೋಡದೆ ಅಡುಗೆಮನೆಗೆ ಹೋಗಿ ಬೆಲ್ಲದ ಡಬ್ಬಿ ತಂದೆ. ಒಂದು ಚೂರು ಪುಡಿ ಮಾಡಿ ನನ್ನ ತಟ್ಟೆಗೆ ಕಲಸಿಕೊಳ್ಳುತ್ತಿದ್ದಾಗ, ಈಗ ಬರುತ್ತದೆ ಮಂಗಳಾರತಿ ಎಂದು ತಲೆ ತಗ್ಗಿಸಿಯೇ ಕೂತಿದ್ದೆ.

ಸುಜಾತ ತನ್ನ ತಟ್ಟೆಯನ್ನು ನನ್ನ ಕಡೆ ಸರಿಸಿದಳು. "ನಂಗೂ ಒಂಚೂರ್ ಹಾಕಿ."