ತನ್ನನ್ನು ನಂಬಬೇಡಿ ಎನ್ನುವ ಭಾವ

ನನ್ನ ಭಾವನನ್ನು ನೀವು ನಂಬಬಾರದು. ಇದು ನನ್ನ ಮಾತಲ್ಲ, ಅವರದ್ದೇ!

ಭಾವ ಅಂದರೆ ಅಕ್ಕನ ಗಂಡ. ಮಣಿಪಾಲದ ಪ್ರಯೋಗಾಲಯವೊಂದರಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಜೀವಕೋಶಗಳನ್ನು ಪುಟ್ಟ ತಟ್ಟೆಗಳಲ್ಲಿ ಬೆಳೆಸಿ, ಅವುಗಳ ಮೇಲೆ ಔಷಧ ಹಾಕಿ ನೋಡುವುದು ಅವರ ಕೆಲಸ. ಹಣ ಕೊಟ್ಟವರು ಯಾರು, ಫಲಿತಾಂಶದಿಂದ ಯಾರಿಗೆ ಲಾಭ ಎಂಬುದನ್ನು ಸಂಶೋಧನಾ ಲೇಖನದ ಕೊನೆಯಲ್ಲಿ ಬರೆಯಬೇಕೆಂಬ ನಿಯಮವಿದೆ. ಉಳಿದವರು ಅದನ್ನು ಬರೆದು ಮನೆಗೆ ಹೋಗುತ್ತಾರೆ. ಭಾವ ನಿಯಮವನ್ನೂ ಮನೆಗೆ ತರುತ್ತಾರೆ!

ಕಾಪುವಿನ ನನ್ನ ಅತ್ತೆ ಒಮ್ಮೆ ಭಾವನಿಗೆ ಬಂಗುಡೆ ಮೀನಿನ ಪುಳಿಮುಂಚಿ ಸಾರು ಬಡಿಸಿ, ಖಾರ ಹೆಚ್ಚಾಯಿತಾ ಎಂದು ಕೇಳಿದರು.

"ಹೇಳುವ ಮೊದಲು ಒಂದು ವಿಷಯ. ನಾನು ಬಂದದ್ದು ನಿಮ್ಮ ಕಾರಿನಲ್ಲಿ, ಹೋಗುವುದೂ ಅದರಲ್ಲೇ. ಹಾಗಾಗಿ ನನ್ನ ಅಭಿಪ್ರಾಯ..."

"ಮೀನಿನ ಬಗ್ಗೆ ಕೇಳಿದ್ದು ಮಾರಾಯ್ರೆ, ಕೋರ್ಟಿಗೆ ಕರೆದದ್ದಲ್ಲ!"

ಬೆಳ್ಮಣ್ಣಿನ ಹುಡುಗಿಯೊಬ್ಬಳ ಮನೆಯವರು, ಭಾವನ ಜೊತೆ ಕೆಲಸ ಮಾಡುವ ಹುಡುಗ ಹೇಗೆ ಎಂದು ವಿಚಾರಿಸಿದ್ದರು. "ಒಳ್ಳೆಯವನು. ಆದರೆ ದಿನಾ ನನಗೆ ಚಹಾ ಕೊಡಿಸುತ್ತಾನೆ. ಸ್ವಲ್ಪ ಕಳೆದು ಲೆಕ್ಕ ಹಾಕಿ" ಎಂದರು ಭಾವ. ಹುಡುಗಿಯ ಮನೆಯವರು ಕಳೆದದ್ದು ಸ್ವಲ್ಪವಲ್ಲ. ತಿಂಗಳುಗಟ್ಟಲೆ ಊರೆಲ್ಲ ವಿಚಾರಿಸಿದರು! ಮದುವೆಯೇನೋ ಆಯಿತು. ಹುಡುಗ ಮಾತ್ರ ಚಹಾ ಕೊಡಿಸುವುದನ್ನು ನಿಲ್ಲಿಸಿದ್ದಾನೆ.

ಹೀಗಿರುವಾಗ ಕಾರ್ಕಳದಲ್ಲಿರುವ ನನ್ನ ಅಪ್ಪನ ರಕ್ತಪರೀಕ್ಷೆಯಲ್ಲಿ ಪ್ರಾಸ್ಟೇಟಿನ ಅಂಕಿ ಏರಿತು. ಚೂರು ತೆಗೆದು ನೋಡುವ ಬಯಾಪ್ಸಿ ಪರೀಕ್ಷೆಗೆ ತಡಮಾಡಬೇಡಿ ಎಂದರು ವೈದ್ಯರು. ಅಪ್ಪ ಚಾವಡಿಯ ಕುರ್ಚಿಯಿಂದ ಏಳಲಿಲ್ಲ. "ಆಸ್ಪತ್ರೆಯವರಿಗೆ ವ್ಯಾಪಾರ ಆಗಬೇಕು, ನಿನ್ನ ಪೇಪರಿಗೆ ಅವರ ಜಾಹೀರಾತು ಬೇಕು. ನನಗೆ ಎಂತ ಆಗಿದೆ?" ಎಂದು ಪತ್ರಿಕೆಯಲ್ಲಿ ಕೆಲಸ ಮಾಡುವ ನನ್ನ ಬಾಯಿ ಮುಚ್ಚಿಸಿದರು. ಎರಡು ತಿಂಗಳು ಹೋಯಿತು.

ಕೊನೆಗೆ ಅಕ್ಕ ಭಾವನನ್ನು ಕರೆತಂದಳು. ಇವರು ಬಾಯಿ ತೆರೆದರೆ ಉಳಿದ ಆಸೆಯೂ ಹೋದಂತೆಯೇ ಅಲ್ಲವೇ!

"ಮಾವ, ಮೊದಲು ಇದು ಕೇಳಿ. ನನ್ನ ಲ್ಯಾಬಿಗೆ ಹಣ ಕೊಡುವುದು ಈ ರೋಗಕ್ಕೆ ಮದ್ದು ಮಾಡುವ ಕಂಪನಿ. ನಿಮ್ಮನ್ನು ನೋಡಿದ ಡಾಕ್ಟರು ನನ್ನ ಸ್ನೇಹಿತ. ನಾನು ಡಾಕ್ಟರಲ್ಲ, ತಟ್ಟೆ ನೋಡುವವ. ಮತ್ತೆ, ನಿಮಗೆ ಏನಾದರೂ ಆದರೆ ನಿಮ್ಮ ಮಗಳ ಅಳು ನೋಡಬೇಕಾದವನೂ ನಾನೇ. ಇಷ್ಟನ್ನೂ ಕಳೆಯಿರಿ. ಕಳೆದ ಮೇಲೂ ಹೇಳುತ್ತೇನೆ, ಪರೀಕ್ಷೆ ಮಾಡಿಸಿ."

ಅಪ್ಪ ಕುರ್ಚಿಯಿಂದ ಎದ್ದರು. "ಬಂದವರೆಲ್ಲ ತಮ್ಮ ದೊಡ್ಡಸ್ತಿಕೆಯೇ ಹೇಳಿದ್ದು. ಇಷ್ಟು ಹುಳುಕು ಹೇಳಿಕೊಂಡದ್ದು ನೀವೊಬ್ಬರೇ ಮಾರಾಯ್ರೆ. ನಡೆಯಿರಿ, ಹೋಗುವ."

ರೋಗವಿತ್ತು. ಆದರೆ ಬೇಗ ಸಿಕ್ಕಿತು. ಶಸ್ತ್ರಚಿಕಿತ್ಸೆಗೆ ಮೊದಲು, ತೆಗೆದ ಭಾಗದ ಚೂರನ್ನು ಸಂಶೋಧನೆಗೆ ಕೊಡುತ್ತೀರಾ ಎಂದು ಕೇಳಲು ಆಸ್ಪತ್ರೆಯವರು ಬಂದಾಗ ಭಾವ ಎದ್ದು ಹೊರನಡೆದರು. "ಆ ಚೂರು ನಮ್ಮ ಲ್ಯಾಬಿಗೂ ಬರಬಹುದು. ನಾನಿದ್ದರೆ ಮಾವನಿಗೆ ಬೇಡ ಅನ್ನಲಿಕ್ಕೆ ಸಂಕೋಚ." ಅಪ್ಪ ಓದಿಸಿ ಕೇಳಿಕೊಂಡು, ತಾವಾಗಿಯೇ ಸಹಿ ಹಾಕಿದರು.

ಈಗ ಅಪ್ಪ ದಿನವೂ ಪೇಟೆಗೆ ನಡೆದೇ ಹೋಗಿ ಬರುತ್ತಾರೆ. ಮೊನ್ನೆ ಮಣಿಪಾಲಕ್ಕೆ ಹೋಗಿದ್ದೆ. ಲ್ಯಾಬಿನ ಗಾಜಿನ ಬಾಗಿಲಾಚೆ ಭಾವ ಪುಟ್ಟ ತಟ್ಟೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು, ಹೆಜ್ಜೆ ಎಣಿಸಿದಂತೆ ನಡೆಯುತ್ತಿದ್ದರು. ಅದನ್ನು ಒಳಗಿಟ್ಟು ಹೊರಬಂದ ಮೇಲೆ ಕೇಳಿದೆ, "ಅದು ಅಪ್ಪನದ್ದಾ ಭಾವ?"

"ಗೊತ್ತಿಲ್ಲ. ಹೆಸರು ಇರುವುದಿಲ್ಲ, ನಂಬರು ಮಾತ್ರ. ನನಗೆ ಗೊತ್ತಾಗಲೂಬಾರದು."

"ಮತ್ತೆ ಅಷ್ಟು ಜಾಗ್ರತೆ ಎಂತಕ್ಕೆ?"

ಭಾವ ಕನ್ನಡಕ ತೆಗೆದು ಒರೆಸಿಕೊಂಡರು.

"ಗೊತ್ತಿಲ್ಲ ಅಲ್ವಾ. ಅದಕ್ಕೇ, ಎಲ್ಲವನ್ನೂ ಮಾವನದ್ದೇ ಅಂತ ಹಿಡಿಯುವುದು."